ಹಾಲು ಮೊದಲು, ಬ್ರಷ್ ಆಮೇಲೆ: ಪಾಪು ಮಲಗುವ ಮುಂಚಿನ ಅರ್ಧ ಗಂಟೆ

ರಾಗಿ ಸರಿ ತಿನ್ನಿಸುವಾಗ ಸ್ಟೀಲ್ ಚಮಚ ಒಂದು ದಿನ ‘ಟಿಣ್’ ಅನ್ನುತ್ತದೆ. ಒಸಡಿಗೆ ತಾಗಿದರೆ ಸದ್ದಿಲ್ಲ, ಹಲ್ಲಿಗೆ ತಾಗಿದರೆ ಮಾತ್ರ ಈ ಸದ್ದು. ನಮ್ಮ ಮನೆಯಲ್ಲಿ ಮಗಳಿಗೆ ಏಳು ತಿಂಗಳಾದಾಗ ಬಂತು. ಅತ್ತೆ ಬೆರಳಿಟ್ಟು ಸವರಿ ನೋಡಿ, ‘ಕೆಳಗಡೆ ಬಂದೈತೆ ಕಣಮ್ಮ, ಅಕ್ಕಿ ನುಚ್ಚಿನಂಗೆ’ ಅಂದರು. ಊರಿಗೆಲ್ಲ ಫೋನ್ ಹೋಯಿತು. ಅವತ್ತು ರಾತ್ರಿಯೇ ನಾನು ಬ್ರಷ್ ಹೊರಗೆ ತೆಗೆದೆ.

‘ಒಂದು ಹಲ್ಲಿಗೆ ಬ್ರಷ್ಷಾ?’ ಅಂತ ಎಲ್ಲರೂ ನಕ್ಕರು. ದೊಡ್ಡವನ ಕಾಲದಲ್ಲಿ ನಾನೂ ಹೀಗೇ ನಕ್ಕವಳು. ಅವನು ಎರಡು ವರ್ಷ ದಾಟುವವರೆಗೂ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಹಾಲಿಗೆ ಒಂದು ಚಮಚ ಸಕ್ಕರೆ ಬೇರೆ. ಎರಡೂವರೆ ವರ್ಷದ ಹೊತ್ತಿಗೆ ಮೇಲಿನ ನಾಲ್ಕು ಬಾಚಿಹಲ್ಲು ಒಸಡಿನ ಹತ್ತಿರ ಕಂದು ಬಣ್ಣಕ್ಕೆ ತಿರುಗಿ, ಅಂಚು ಪುಡಿಪುಡಿಯಾಗಿ ಉದುರಲು ಶುರುವಾಯಿತು. ದಂತವೈದ್ಯರು ತುಟಿ ಎತ್ತಿ ನೋಡಿದ್ದೇ ತಡ, ‘ರಾತ್ರಿ ಬಾಟಲಿ ಹಾಲು ಅಲ್ವಾ?’ ಎಂದು ಕೇಳಿದರು. ಹೇಗೆ ಗೊತ್ತಾಯಿತೋ ಅಂತ ನಾನು ಬೆಪ್ಪಾದೆ. ವಿಷಯ ಸುಲಭ. ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳ ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ. ಹಾಲು ನಿಲ್ಲುವುದು ಮೇಲಿನ ಹಲ್ಲುಗಳ ಸುತ್ತ. ಅದಕ್ಕೇ ಕೆಳಗಿನವು ಚೆನ್ನಾಗಿದ್ದವು, ಮೇಲಿನವು ಹೋಗಿದ್ದವು.

ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಹಗಲಲ್ಲಿ ಹಲ್ಲನ್ನು ತೊಳೆಯುತ್ತಾ ಇರುವುದು ಆ ಜೊಲ್ಲೇ. ಅದು ಕಡಿಮೆಯಾದ ಮೇಲೆ ಹಲ್ಲಿಗಂಟಿದ ಸಿಹಿಯನ್ನು ಬ್ಯಾಕ್ಟೀರಿಯಾ ನಿಧಾನವಾಗಿ ಆಮ್ಲ ಮಾಡುತ್ತಾ ಕೂರುತ್ತವೆ. ಬೆಳಿಗ್ಗೆ ಎಷ್ಟು ಉಜ್ಜಿದರೂ ರಾತ್ರಿ ನಡೆದದ್ದು ನಡೆದುಹೋಗಿರುತ್ತದೆ. ಬೆಳಿಗ್ಗೆ ಉಜ್ಜುವುದು ಬೇಡ ಅಂತಲ್ಲ, ದಿನಕ್ಕೆ ಎರಡು ಸಲ ಬೇಕು. ಆದರೆ ಯಾವುದೋ ಒಂದು ತಪ್ಪಿಹೋಗುವ ದಿನ ಬಂದರೆ ರಾತ್ರಿಯದು ತಪ್ಪದಿರಲಿ.

ಇನ್ನು ‘ಹಾಲುಹಲ್ಲು ತಾನೇ, ಹೇಗಿದ್ರೂ ಬಿದ್ದೋಗುತ್ತೆ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆ ಹಾಲುಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕು. ಅಷ್ಟು ವರ್ಷ ಅಗಿಯುವುದು ಅದರಲ್ಲೇ. ಕೆಳಗೆ ಕಾಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡುವುದೂ ಅದೇ. ಮಧ್ಯರಾತ್ರಿ ಹಲ್ಲುನೋವಿಗೆ ಮೂರು ವರ್ಷದ ಮಗು ಅಳುವುದನ್ನು ಒಮ್ಮೆ ಕೇಳಿದವರು ಈ ಮಾತು ಎರಡನೇ ಸಲ ಆಡುವುದಿಲ್ಲ.

ತೊಂದರೆ ಇರುವುದು ಸಾಲಿನಲ್ಲಿ

ಪಾಪುವಿಗೆ ರಾತ್ರಿ ಹಲ್ಲುಜ್ಜಲು ಆಗುತ್ತಿಲ್ಲ ಎಂದು ಹೇಳುವ ತಾಯಂದಿರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿದ್ದೆಗೆ ಮುಂಚೆ ಕಟ್ಟಕಡೆಗೆ ಆಗುವ ಕೆಲಸ ಯಾವುದು? ಹತ್ತಕ್ಕೆ ಒಂಬತ್ತು ಮನೆಯಲ್ಲಿ ಉತ್ತರ ಹಾಲು. ಎದೆಹಾಲೋ ಬಾಟಲಿಯೋ, ಕುಡಿಯುತ್ತಾ ಕುಡಿಯುತ್ತಾ ಕಣ್ಣು ಮುಚ್ಚುತ್ತದೆ. ಆಮೇಲೆ ಯಾರು ಎಬ್ಬಿಸಿ ಉಜ್ಜುತ್ತಾರೆ? ಯಾರೂ ಇಲ್ಲ. ಎಬ್ಬಿಸಲೂ ಬಾರದು.

ಹಾಗಾಗಿ ಬ್ರಷ್ ಯಾವುದು, ಪೇಸ್ಟ್ ಯಾವುದು ಅನ್ನುವುದಕ್ಕಿಂತ ಮೊದಲು ಹಾಲನ್ನು ನಿದ್ದೆಗಿಂತ ಅರ್ಧ ಗಂಟೆ ಮುಂಚೆಗೆ ಸರಿಸಬೇಕು. ಉಳಿದದ್ದೆಲ್ಲ ಇದಾದ ಮೇಲೆ ಸುಲಭ.

ಒಂದು ವರ್ಷದೊಳಗಿನ ಮಗುವಾದರೆ ಈ ಸರಿಸುವ ಗೋಜು ಬೇಡ. ಆ ವಯಸ್ಸಿಗೆ ರಾತ್ರಿ ಹಾಲು ಊಟವೇ, ಕೇಳಿದಾಗ ಕೊಡಿ. ರಾತ್ರಿಯ ಸರಿಯೋ ಅನ್ನವೋ ಮುಗಿದ ಮೇಲೆ ಒಮ್ಮೆ ಹಲ್ಲುಜ್ಜಿ, ಆಮೇಲೆ ಹಾಲು ಕುಡಿದರೂ ಪರವಾಗಿಲ್ಲ. ಊಟದ ಅಂಟು, ಬೆಲ್ಲದ ಸಿಹಿ ಹಲ್ಲಿನ ಮೇಲೆ ಉಳಿದಿಲ್ಲ ಅನ್ನುವುದಷ್ಟೇ ಮುಖ್ಯ. ಎದೆಹಾಲಿನಿಂದಲೇ ಹಲ್ಲು ಹಾಳಾಗುತ್ತದೆ ಎಂದು ಹೆದರಿಸಿ ಹಾಲು ಬಿಡಿಸುವವರ ಮಾತು ಕೇಳಬೇಡಿ. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಂದು ವರ್ಷದ ನಂತರ ರಾತ್ರಿಯೆಲ್ಲ ಮತ್ತೆ ಮತ್ತೆ ಕುಡಿಯುವ ಮಗುವಿಗೆ, ಅದರಲ್ಲೂ ಹಗಲಲ್ಲಿ ಬಿಸ್ಕತ್ತು-ಸಿಹಿ ಜಾಸ್ತಿ ತಿನ್ನುವ ಮಗುವಿಗೆ, ಹುಳುಕಿನ ಅಪಾಯ ಹೆಚ್ಚು. ಅಷ್ಟು ತಿಳಿದಿದ್ದರೆ ಸಾಕು.

ಒಂದು ವರ್ಷ ದಾಟಿದ ಮೇಲೆ ಹೀಗೆ ಮಾಡಿ. ನಮಗೆ ಸುಮಾರು ಎರಡು ವಾರ ಹಿಡಿಯಿತು.

ಮೊದಲ ಮೂರ್ನಾಲ್ಕು ದಿನ ಹಾಲಿನ ಹೊತ್ತು ಬದಲಿಸಬೇಡಿ, ಜಾಗ ಮಾತ್ರ ಬದಲಿಸಿ. ಹಾಸಿಗೆಯ ಮೇಲೆ ಕತ್ತಲಲ್ಲಿ ಕೊಡುತ್ತಿದ್ದರೆ ಹಾಲ್‌ಗೆ ಬನ್ನಿ. ದೀಪ ಉರಿಯುತ್ತಿರಲಿ, ಮಗು ಕೂತು ಕುಡಿಯಲಿ. ಬಾಟಲಿ ಇದ್ದರೆ ಈ ನೆಪದಲ್ಲೇ ಪುಟ್ಟ ಸ್ಟೀಲ್ ಲೋಟಕ್ಕೆ ಬನ್ನಿ. ಮೊದಲ ದಿನ ಅರ್ಧ ಹಾಲು ಎದೆಯ ಮೇಲೆ ಚೆಲ್ಲುತ್ತದೆ, ಒಂದು ಟವೆಲ್ ಕಟ್ಟಿ.

ಮುಂದಿನ ಮೂರ್ನಾಲ್ಕು ದಿನ ಹಾಲನ್ನು ಹತ್ತು ನಿಮಿಷ ಮುಂಚೆ ಕೊಡಿ. ಕುಡಿದ ಕೂಡಲೇ, ಕಣ್ಣು ಎಳೆಯುವ ಮುಂಚೆ, ಬ್ರಷ್. ಐದೇ ಸೆಕೆಂಡ್ ಆದರೂ ಸರಿ. ಹಾಲಾದ ಮೇಲೆ ಬ್ರಷ್ ಬರುತ್ತದೆ ಎನ್ನುವುದು ಮಗುವಿಗೆ ಅಭ್ಯಾಸವಾಗಲಿ, ಈ ವಾರ ಅಷ್ಟೇ ಗುರಿ.

ಮೂರನೆಯದೇ ಕಷ್ಟದ ಭಾಗ. ಹಾಲು ಹೋದ ಜಾಗದಲ್ಲಿ, ಅಂದರೆ ಬ್ರಷ್‌ಗೂ ನಿದ್ದೆಗೂ ಮಧ್ಯೆ, ಮಗು ಇಷ್ಟಪಡುವ ಇನ್ನೇನಾದರೂ ಬೇಕು. ಸುಮ್ನೆ ಖಾಲಿ ಬಿಟ್ಟರೆ ಅದು ಮತ್ತೆ ಹಾಲನ್ನೇ ಕೇಳುತ್ತದೆ. ಕಥೆ, ಜೋಗುಳ, ಬೆನ್ನು ಸವರುವುದು, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು. ನಮ್ಮ ಮನೆಯಲ್ಲಿ ಇದನ್ನು ಬಗೆಹರಿಸಿದ್ದು ಅತ್ತೆ. ಅವರು ದಿನಾ ರಾತ್ರಿ ಮಕ್ಕಳಿಗೆ ದೃಷ್ಟಿ ತೆಗೆಯುತ್ತಾರೆ. ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಮೂರು ಸಲ ಸುತ್ತಿಸಿ, ಒಲೆಯ ಉರಿಗೆ ಒಂದೆರಡು ಹರಳು ಹಾಕುತ್ತಾರೆ. ಅದು ಚಟಪಟ ಅನ್ನುವುದನ್ನು ಕೇಳಲು ಮಗಳು ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಮೊದಲು ಅದು ಊಟಕ್ಕೂ ಮುಂಚೆ ಆಗುತ್ತಿತ್ತು. ‘ಅತ್ತೆ, ಅದನ್ನ ಬ್ರಷ್ ಆದ್ಮೇಲೆ ಇಟ್ಕೊಳ್ಳೋಣ್ವಾ?’ ಎಂದೆ. ಒಪ್ಪಿದರು. ಈಗ ಬ್ರಷ್ ಆಗದಿದ್ದರೆ ಚಟಪಟ ಇಲ್ಲ ಎಂದು ಅವಳಿಗೆ ಗೊತ್ತು. ದೃಷ್ಟಿಯಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲ, ಚಟಪಟದಲ್ಲಿ ಪೂರ್ತಿ ಇದೆ.

ಈಗ ನಮ್ಮ ಸಾಲು ಹೀಗಿದೆ: 7:15ಕ್ಕೆ ಊಟ, 8ಕ್ಕೆ ಹಾಲು, 8:10ಕ್ಕೆ ಬ್ರಷ್, ಆಮೇಲೆ ದೃಷ್ಟಿ, ಬಟ್ಟೆ ಬದಲಾಯಿಸಿ ಕಥೆ, 8:45ಕ್ಕೆ ದೀಪ ಆರಿಸುವುದು. ನಿಮ್ಮ ಮನೆಯ ಗಡಿಯಾರ ಬೇರೆ ಇರಬಹುದು. ಹೊತ್ತು ಆಚೀಚೆ ಆಗಲಿ, ಸಾಲು ಮಾತ್ರ ದಿನಾ ಒಂದೇ ಇರಲಿ. ಮಗುವಿಗೆ ಗಡಿಯಾರ ಓದಲು ಬರುವುದಿಲ್ಲ. ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಮಾತ್ರ ಅದು ಚೆನ್ನಾಗಿ ಲೆಕ್ಕ ಇಟ್ಟುಕೊಳ್ಳುತ್ತದೆ.

ಬಾಟಲಿ ಬಿಡಲೊಲ್ಲದ ಒಂದು ವರ್ಷ ದಾಟಿದ ಮಗುವಿಗೆ ರಾತ್ರಿಯ ಬಾಟಲಿಯಲ್ಲಿ ಹಾಲು ಕಡಿಮೆ, ನೀರು ಜಾಸ್ತಿ ಮಾಡುತ್ತಾ ಹೋಗಿ, ಒಂದೆರಡು ವಾರದಲ್ಲಿ ಬರೀ ನೀರಿಗೆ ತರಬಹುದು. ಆದರೆ ಒಂದು ವರ್ಷದೊಳಗಿನ ಮಗುವಿನ ಪುಡಿಹಾಲಿಗೆ ಡಬ್ಬದ ಮೇಲೆ ಹೇಳಿದ್ದಕ್ಕಿಂತ ಜಾಸ್ತಿ ನೀರು ಯಾವತ್ತೂ ಸೇರಿಸಬಾರದು. ಅದು ಹಲ್ಲಿನ ವಿಷಯವಲ್ಲ, ಮಗುವಿನ ಜೀವದ ವಿಷಯ.

ಬ್ರಷ್ ಮತ್ತು ಬಟ್ಟೆ

ಹಲ್ಲು ಬರುವ ಮುಂಚೆ ಮೆತ್ತನೆ ಒದ್ದೆ ಬಟ್ಟೆಯಿಂದ ಒಸಡು ಒರೆಸಿದರೆ ಸಾಕು. ಒಗೆದು ಒಗೆದು ಮೆತ್ತಗಾದ ಹಳೆ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಾಯಲ್ಲಿ ಬೆರಳು ಆಡುವುದು ಮಗುವಿಗೆ ಹೊಸದಾಗಿ ಕಾಣದಿರಲಿ ಎನ್ನುವುದೇ ಇದರ ದೊಡ್ಡ ಲಾಭ.

ಹಲ್ಲು ಕಂಡ ದಿನದಿಂದ ಬ್ರಷ್. ಬೆರಳಿಗೆ ತೊಡಿಸುವ ಸಿಲಿಕಾನ್ ಬ್ರಷ್ ಶುರುವಿಗೆ ಸರಿ, ಆದರೆ ಹಲ್ಲಿನ ಬುಡದ ಅಂಟು ಅದರಿಂದ ಪೂರ್ತಿ ಹೋಗುವುದಿಲ್ಲ. ಮೇಲೂ ಕೆಳಗೂ ಹಲ್ಲು ಬಂದ ಮೇಲೆ ನಿಮ್ಮ ಬೆರಳಿನ ಗತಿ ಹೇಳುವುದೇ ಬೇಡ. ತಲೆ ಚಿಕ್ಕದಾದ, ಎಳೆ ಬಹಳ ಮೃದುವಾದ ಮಕ್ಕಳ ಬ್ರಷ್ ತನ್ನಿ. ಎರಡು ತನ್ನಿ. ಒಂದು ನಿಮ್ಮ ಕೈಗೆ, ಒಂದು ಮಗುವಿನ ಕೈಗೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ‘ನಾನೇ ನಾನೇ’ ಶುರುವಾದಾಗ ಈ ಎರಡನೇ ಬ್ರಷ್ ಇಲ್ಲದಿದ್ದರೆ ದಿನಾ ಜಗಳ. ಮೂರು ತಿಂಗಳಿಗೊಮ್ಮೆ ಬದಲಿಸಿ. ಅಗಿದು ಎಳೆ ಹರಡಿದ್ದರೆ ಅದಕ್ಕೂ ಮುಂಚೆ. ಮತ್ತೆ, ಬ್ರಷ್ ಬಾಯಲ್ಲಿಟ್ಟುಕೊಂಡು ಓಡಾಡಲು ಬಿಡಬೇಡಿ. ಬಿದ್ದರೆ ಅಂಗುಳಿಗೆ ಚುಚ್ಚಿಕೊಳ್ಳುತ್ತದೆ.

ಇದ್ದಿಲು, ಬೂದಿ, ಉಪ್ಪು, ಕೆಂಪು ಹಲ್ಲುಪುಡಿ ಇವು ಯಾವುದೂ ಬೇಡ. ಹಾಲುಹಲ್ಲಿನ ಮೇಲಿನ ಪದರ ದೊಡ್ಡವರದ್ದಕ್ಕಿಂತ ತೆಳು, ಉಜ್ಜಿದಷ್ಟೂ ಸವೆಯುತ್ತದೆ.

ಪೇಸ್ಟ್, ಮತ್ತು ಪಾವಗಡದ ನೀರು

ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಒಂದು ಬಟಾಣಿ ಕಾಳಿನಷ್ಟು. ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್. ಮಕ್ಕಳ ದಂತವೈದ್ಯರು ಈಗ ಮೊದಲ ಹಲ್ಲಿನಿಂದಲೇ ಇದನ್ನು ಹೇಳುತ್ತಾರೆ. ಅಕ್ಕಿ ಕಾಳು ಅಂದರೆ ಅಕ್ಕಿ ಕಾಳೇ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಪೇಸ್ಟ್ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಒಂದು ಚುಕ್ಕೆ ಹಾಕಿ, ಬೆರಳಿನಿಂದ ಎಳೆಗಳ ಒಳಕ್ಕೆ ಒತ್ತಿಬಿಡಿ. ಹಾಗೆ ಮಾಡಿದರೆ ಮಗು ಮೇಲಿನಿಂದ ನೆಕ್ಕಿ ನುಂಗಲು ಆಗುವುದಿಲ್ಲ. ಇಷ್ಟು ಚೂರು ಹೊಟ್ಟೆಗೆ ಹೋದರೂ ತೊಂದರೆಯಿಲ್ಲ, ಬಾಯಿ ಮುಕ್ಕಳಿಸುವುದೂ ಬೇಡ. ನೊರೆ ಉಳಿದಿದ್ದರೆ ಬಟ್ಟೆಯಲ್ಲಿ ಒರೆಸಿ. ಟ್ಯೂಬ್ ಮಾತ್ರ ಮಗುವಿನ ಕೈಗೆ ಎಟುಕದ ಕಡೆ ಇಡಿ. ಸ್ಟ್ರಾಬೆರಿ ರುಚಿಯದ್ದಾದರೆ ಅದು ಅವರ ಪಾಲಿಗೆ ಮಿಠಾಯಿ.

ಅತ್ತೆ ಇದಕ್ಕೆ ಸುತರಾಂ ಒಪ್ಪಲಿಲ್ಲ. ಅವರ ತವರು ಪಾವಗಡದ ಕಡೆ. ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ, ಅಣ್ಣತಮ್ಮಂದಿರಿಗೂ ಇವೆ. ‘ನಮ್ಮ ಹಲ್ಲು ಹೋಗಿದ್ದೇ ಫ್ಲೋರೈಡ್‌ನಿಂದ, ಅದನ್ನೇ ಮಗೀನ ಬಾಯಿಗೆ ಇಕ್ಕೀಯಾ?’ ಎಂದರು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಪಾವಗಡ ಮಾತ್ರವಲ್ಲ, ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ.

ನಾನು ಕೂತು ಲೆಕ್ಕ ಹಾಕಿ ತೋರಿಸಿದೆ. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ) ದಾಟುವಂತಿಲ್ಲ, ಎಷ್ಟಿದೆ ಎಂದು ಟ್ಯೂಬಿನ ಅಥವಾ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಅಕ್ಕಿ ಕಾಳಿನಷ್ಟು ಪೇಸ್ಟ್ ಅಂದರೆ ಸುಮಾರು 0.1 ಗ್ರಾಂ. ಅದರಲ್ಲಿರುವ ಫ್ಲೋರೈಡ್ ಹೆಚ್ಚೆಂದರೆ 0.1 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ಸರ್ಕಾರದ ಮಾನದಂಡ. ಆ 1.5ರ ನೀರನ್ನು 200 ಮಿಲಿಯ ಒಂದು ಲೋಟ ಕುಡಿದರೆ 0.3 ಮಿಲಿಗ್ರಾಂ ಒಳಗೆ ಹೋಗುತ್ತದೆ. ಮಗು ದಿನವಿಡೀ ಆ ನೀರನ್ನೇ ಕುಡಿಯುತ್ತದೆ, ಅದರಲ್ಲೇ ಬೇಯಿಸಿದ್ದನ್ನು ತಿನ್ನುತ್ತದೆ. ಶಾಶ್ವತ ಹಲ್ಲುಗಳು ದವಡೆಯ ಒಳಗೆ ಇನ್ನೂ ರೂಪುಗೊಳ್ಳುತ್ತಿರುವಾಗ, ಅದರಲ್ಲೂ ಮೊದಲ ಮೂರು ವರ್ಷ, ಹೀಗೆ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡೇ ಮುಂದಿನ ಹಲ್ಲುಗಳ ಮೇಲೆ ಗೆರೆಯಾಗಿ ಕಾಣುವುದು. ಪೇಸ್ಟಿನದು ಹಾಗಲ್ಲ, ಅದು ಬಾಯಲ್ಲಿರುವ ಹಲ್ಲಿನ ಮೇಲ್ಮೈ ಮೇಲೆ ಕೆಲಸ ಮಾಡುತ್ತದೆ.

ಹಾಗಾಗಿ ಅಂಥ ಊರಿನಲ್ಲಿದ್ದರೆ ಮೊದಲು ನೋಡಬೇಕಾದದ್ದು ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ್ದೋ, ಆರ್‌ಒ ನೀರೋ ಮಗುವಿಗೆ ಕುಡಿಯಲು, ಸರಿ ಕಲಸಲು ಬಳಸಿ. ಪೇಸ್ಟ್ ಯಾವುದು, ಎಷ್ಟು ಎನ್ನುವುದನ್ನು ದಂತವೈದ್ಯರ ಹತ್ತಿರ ನೀರಿನ ವಿಷಯ ಹೇಳಿಯೇ ಕೇಳಿ. ನಾವು ತುಮಕೂರಿಗೆ ಬಂದು ನೆಲೆಸಿದವರು, ನಮಗೆ ಅಕ್ಕಿ ಕಾಳಿನ ಲೆಕ್ಕ ಸಾಕು ಎಂದರು ನಮ್ಮ ದಂತವೈದ್ಯರು. ಅತ್ತೆ ಈಗಲೂ ನಾನು ಬ್ರಷ್‌ಗೆ ಪೇಸ್ಟ್ ಹಾಕುವಾಗ ಬಗ್ಗಿ ನೋಡುತ್ತಾರೆ. ನೋಡಲಿ, ಅಳತೆ ಮೀರದಂತೆ ಅದೊಂದು ಕಾವಲು.

ಹಿಡಿಯುವ ಬಗೆ, ಉಜ್ಜುವ ಬಗೆ

ಸಿಂಕಿನ ಮುಂದೆ ನಿಲ್ಲಿಸಿಕೊಂಡು ಎದುರಿನಿಂದ ಬ್ರಷ್ ಹಾಕಲು ಹೋಗಬೇಡಿ. ಮಗು ತಲೆ ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಹೋಗುತ್ತೀರಿ, ಇಬ್ಬರೂ ಬಾತ್‌ರೂಮ್ ತುಂಬ ಸುತ್ತುತ್ತೀರಿ.

ಎಣ್ಣೆ ನೀರು ಹಾಕುವಾಗ ಅಜ್ಜಿಯರು ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರಲ್ಲ, ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕೂರಿ. ಒಂದೇ ವ್ಯತ್ಯಾಸ. ಸ್ನಾನಕ್ಕೆ ತಲೆ ಪಾದದ ಕಡೆ ಇರುತ್ತದೆ. ಇಲ್ಲಿ ತಲೆ ನಿಮ್ಮ ತೊಡೆಯ ಮೇಲೆ, ಹೊಟ್ಟೆಗೆ ತಾಗಿಕೊಂಡಿರಲಿ. ಕಾಲು ನಿಮ್ಮ ಪಾದದ ಕಡೆ. ಮಗು ಮೇಲೆ ನೋಡಿದರೆ ನಿಮ್ಮ ಮುಖ ತಲೆಕೆಳಗಾಗಿ ಕಾಣುತ್ತದೆ, ಅದೇ ಒಂದು ಆಟ. ನಿಮಗೆ ಬಾಯೊಳಗೆ ಮೇಲಿನ ಹಲ್ಲು, ಹಿಂದಿನ ಹಲ್ಲು ಎಲ್ಲ ಬೆಳಕಿನಲ್ಲಿ ಕಾಣುತ್ತವೆ. ಎಡಗೈ ಗಲ್ಲ ಹಿಡಿಯಲು, ಬಲಗೈ ಬ್ರಷ್ ಹಿಡಿಯಲು. ಇನ್ನೊಬ್ಬರು ಇದ್ದರೆ ಎದುರು ಕೂತು ಅದರ ಕೈ ಹಿಡಿದು ಮಾತಾಡಿಸಲಿ.

ಈಗ ಮುಖ್ಯವಾದ ಗುಟ್ಟು. ಎಡಗೈ ತೋರುಬೆರಳಿನಿಂದ ಮೇಲ್ತುಟಿ ಎತ್ತಿ. ತುಟಿಯ ಒಳಗೆ, ನಟ್ಟನಡುವೆ, ತುಟಿಯಿಂದ ಒಸಡಿಗೆ ಒಂದು ಚರ್ಮದ ಎಳೆ ಇಳಿದಿರುತ್ತದೆ. ಬ್ರಷ್ ಅದಕ್ಕೆ ತಾಗಿದರೆ ಚುರುಕ್ ಅನ್ನುತ್ತದೆ. ಎಷ್ಟೋ ಮಕ್ಕಳು ಬ್ರಷ್ ಕಂಡರೆ ಬಾಯಿ ಬಿಗಿ ಹಿಡಿಯುವುದು ಈ ಒಂದು ನೋವಿಗೆ. ಬೆರಳಿನ ತುದಿಯನ್ನು ಆ ಎಳೆಯ ಮೇಲೇ ಇಟ್ಟು ಮುಚ್ಚಿ, ಆಮೇಲೆ ಬ್ರಷ್ ಆಡಿಸಿ. ದೊಡ್ಡವನ ಕಾಲದಲ್ಲಿ ಇದು ನನಗೆ ಗೊತ್ತಿದ್ದಿದ್ದರೆ ಅರ್ಧ ಅಳು ತಪ್ಪುತ್ತಿತ್ತು.

ಮೇಲಿನ ಬಾಚಿಹಲ್ಲಿನಿಂದಲೇ ಶುರು ಮಾಡಿ. ಮಗುವಿನ ತಾಳ್ಮೆ ಮೊದಲ ಹತ್ತು ಸೆಕೆಂಡಿನಲ್ಲಿ ಜಾಸ್ತಿ, ಹುಳುಕು ಮೊದಲು ಹಿಡಿಯುವುದೂ ಅಲ್ಲೇ. ಹಲ್ಲೂ ಒಸಡೂ ಸೇರುವ ಗೆರೆಯ ಮೇಲೆ ಬ್ರಷ್ ಓರೆಯಾಗಿಟ್ಟು, ಒತ್ತದೆ, ಸಣ್ಣ ಸಣ್ಣ ಸುತ್ತು ತಿರುಗಿಸಿ. ಆಮೇಲೆ ಅವುಗಳ ಒಳಮುಖ, ಆಮೇಲೆ ಕೆಳಗಿನವು. ದವಡೆ ಹಲ್ಲು ಬಂದಿದ್ದರೆ ಅಗಿಯುವ ಮೇಲ್ಭಾಗ ಬಿಡಬೇಡಿ, ಅಲ್ಲಿನ ಗುಳಿಗಳಲ್ಲಿ ಬಿಸ್ಕತ್ತು ಹಿಟ್ಟಿನಂತೆ ಕೂತಿರುತ್ತದೆ. ನಾಲ್ಕು ಹಲ್ಲಿಗೆ ಇಪ್ಪತ್ತು-ಮೂವತ್ತು ಸೆಕೆಂಡ್ ಸಾಕು. ಎರಡೂವರೆ-ಮೂರು ವರ್ಷಕ್ಕೆ ಇಪ್ಪತ್ತೂ ಹಲ್ಲು ಬಂದ ಮೇಲೆ ಎರಡು ನಿಮಿಷಕ್ಕೆ ಹೋಗಬಹುದು.

ಬಾಯಿ ತೆರೆಸಲು ನಮ್ಮಲ್ಲಿ ನಡೆಯುವುದು ಪತ್ತೇದಾರಿಕೆ. ‘ಇವತ್ತು ಮಧ್ಯಾಹ್ನ ಏನ್ ತಿಂದೆ? ಸೊಪ್ಪಿನ ಸಾರು. ಎಲ್ಲಿ ಅಡಗಿ ಕೂತಿದೆ ಅದು? ಅಯ್ಯೋ, ಇಲ್ಲೊಂದು ಕಡ್ಲೆಬೀಜ!’ ಎಂದು ಹುಡುಕುತ್ತೇನೆ. ಏನೂ ಇರುವುದಿಲ್ಲ. ಆದರೂ ಅವಳು ‘ಆ…’ ಎಂದು ಇನ್ನಷ್ಟು ಅಗಲ ತೆರೆಯುತ್ತಾಳೆ. ನಾನು ಸಿಕ್ಕಿಬಿದ್ದದ್ದನ್ನೆಲ್ಲ ಹೆಸರು ಹಿಡಿದು ಆಚೆ ಓಡಿಸಬೇಕು. ಮೊಬೈಲಿನಲ್ಲಿ ವಿಡಿಯೋ ಹಾಕಿ ಉಜ್ಜುವವರೂ ಇದ್ದಾರೆ. ಒಂದು ವಾರ ನಾನೂ ಮಾಡಿದೆ. ಬ್ರಷ್ ಮುಗಿದ ಮೇಲೆ ಮೊಬೈಲ್ ಬಿಡಿಸಲು ಇನ್ನೊಂದು ಯುದ್ಧ, ನಿದ್ದೆಯೂ ಹಾಳು. ಬಿಟ್ಟುಬಿಟ್ಟೆ.

ಅತ್ತರೆ? ಸ್ವಲ್ಪ ಅಳುತ್ತದೆ. ಡೈಪರ್ ಬದಲಿಸುವಾಗಲೂ ಅಳುತ್ತದೆ, ಹಾಗಂತ ಬಿಡುವುದಿಲ್ಲವಲ್ಲ. ಅಳುವಾಗ ಬಾಯಿ ತೆರೆದೇ ಇರುತ್ತದೆ, ಬೇಗ ಮುಗಿಸಿ ಎತ್ತಿಕೊಳ್ಳಿ. ಆದರೆ ಗಟ್ಟಿಯಾಗಿ ಹಿಡಿದು, ಬೈದು, ಬೆವರು ಸುರಿಸಿ ಉಜ್ಜುವಷ್ಟಾದರೆ ಅವತ್ತಿಗೆ ಮೇಲಿನ ಹಲ್ಲು ಮಾತ್ರ ಮುಗಿಸಿ ನಿಲ್ಲಿಸಿ. ನಾಳೆ ಇಪ್ಪತ್ತು ನಿಮಿಷ ಮುಂಚೆ ಶುರು ಮಾಡಿ. ಬಹಳ ಸಲ ಆ ಅಳು ಬ್ರಷ್ಷಿನದಲ್ಲ, ನಿದ್ದೆಯದು. ಹಲ್ಲು ಬರುವ ಹೊತ್ತಿನಲ್ಲಿ ಒಸಡು ಊದಿ ಕೆಂಪಾಗಿದ್ದರೆ ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಒದ್ದೆ ಬಟ್ಟೆ ಕಚ್ಚಲು ಕೊಡಿ, ಆ ಜಾಗ ಬಿಟ್ಟು ಉಳಿದದ್ದು ಉಜ್ಜಿ. ಹಲ್ಲು ಬರುವಾಗ ಜ್ವರ ಬರುವುದು ಸಹಜ ಎಂದು ಸುಮ್ಮನಿರಬೇಡಿ. ಮೈ ನಿಜವಾಗಿ ಕಾದಿದ್ದರೆ ಅದಕ್ಕೆ ಬೇರೆ ಕಾರಣ ಇರುತ್ತದೆ, ಡಾಕ್ಟರಿಗೆ ತೋರಿಸಿ.

ಹಾಲು ಕುಡಿಯುತ್ತಾ ಮಲಗಿಯೇಬಿಟ್ಟಿತು ಅಂದುಕೊಳ್ಳಿ. ಎಬ್ಬಿಸಬೇಡಿ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ, ಮೇಲ್ತುಟಿ ಎತ್ತಿ, ಮುಂದಿನ ಹಲ್ಲು ಎರಡು ಸಲ ಒರೆಸಿ ಬಿಡಿ. ರಾತ್ರಿ ಬಸ್ಸಿನಲ್ಲಿ ಹೊರಟಾಗ, ಮದುವೆ ಮನೆಯಲ್ಲಿ, ಕರೆಂಟ್ ಹೋದಾಗಲೂ ಇದೇ ಉಪಾಯ.

ಬಾಯಿ ಅಂಗಡಿ ಬಂದ್

ಒಂದು ವರ್ಷ ದಾಟಿದ ಮಗುವಿಗೆ ಬ್ರಷ್ ಆದ ಮೇಲೆ ಬೆಳಗಿನವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಈ ನಿಯಮ ಮುರಿಯುವುದು ಮಗುವಲ್ಲ, ತಾತ. ನಮ್ಮ ಮಾವನವರ ಜೇಬಿನಲ್ಲಿ ಯಾವಾಗಲೂ ಎರಡು ಬಿಸ್ಕತ್ತು ಇರುತ್ತಿದ್ದವು. ಮಲಗುವ ಮುಂಚೆ ‘ಬಾ ಪುಟ್ಟಿ’ ಎಂದು ಕರೆದು ಒಂದು ಕೊಟ್ಟರೆ ಅವರ ದಿನ ಮುಗಿದಂತೆ. ಬೇಡ ಎಂದರೆ ಅವರಿಗೆ ಬೇಜಾರು. ಕೊನೆಗೆ ಅವರಿಗೇ ಒಂದು ಕೆಲಸ ಒಪ್ಪಿಸಿದೆವು. ಬ್ರಷ್ ಮುಗಿದ ಕೂಡಲೇ ಮಗಳು ಓಡಿಹೋಗಿ ಅವರ ಮುಂದೆ ಬಾಯಿ ತೆರೆಯಬೇಕು. ಅವರು ಒಳಗೆಲ್ಲ ನೋಡಿ, ‘ಅಂಗಡಿ ಬಂದ್!’ ಎಂದು ಕೂಗಿ ಷಟರ್ ಎಳೆದಂತೆ ಅವಳ ಗಲ್ಲ ಮುಚ್ಚಬೇಕು. ಅಂಗಡಿ ಮುಚ್ಚಿದವರೇ ಮತ್ತೆ ಬಿಸ್ಕತ್ತು ಹೇಗೆ ಕೊಡುತ್ತಾರೆ? ಬಿಸ್ಕತ್ತು ಈಗ ಸಂಜೆ ಐದಕ್ಕೆ ಬಂದಿದೆ.

ಔಷಧಿಯದೂ ಇದೇ ಲೆಕ್ಕ. ಜ್ವರದ, ಕೆಮ್ಮಿನ ಸಿರಪ್‌ಗಳಲ್ಲಿ ಬಹಳಷ್ಟು ಸಿಹಿ ಇರುತ್ತವೆ. ಡಾಕ್ಟರ್ ಹೇಳಿದ ಹೊತ್ತು ತಪ್ಪದಿದ್ದರೆ ಬ್ರಷ್‌ಗೆ ಮುಂಚೆ ಕೊಡಿ. ಆಶಾ ಕಾರ್ಯಕರ್ತೆ ಕೊಡುವ ಐರನ್ ಸಿರಪ್‌ನಿಂದ ಹಲ್ಲಿನ ಮೇಲೆ ಕಪ್ಪು ಕಲೆ ಕಂಡರೆ ಗಾಬರಿ ಬೇಡ, ಅದು ಮೇಲ್ಮೈಯ ಕಲೆ, ಹುಳುಕಲ್ಲ. ಅದಕ್ಕಾಗಿ ಸಿರಪ್ ನಿಲ್ಲಿಸಬೇಡಿ. ನಾಲಿಗೆಯ ಹಿಂಭಾಗಕ್ಕೆ ಹಾಕಿ, ಆಮೇಲೆ ನೀರು ಕುಡಿಸಿ.

ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದು, ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಕೊಡುವುದು ಎಷ್ಟೋ ಮನೆಯಲ್ಲಿ ಇನ್ನೂ ಇದೆ. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಹಲ್ಲಿನ ಮಾತು ಹಾಗಿರಲಿ, ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ನಮ್ಮ ಬಾಯಲ್ಲಿ ಅಗಿದು ಮಗುವಿಗೆ ತಿನ್ನಿಸುವುದು, ಅದರ ಚಮಚ ನಾವು ಚೀಪಿ ಕೊಡುವುದೂ ಬೇಡ. ಹುಳುಕು ಮಾಡುವ ಬ್ಯಾಕ್ಟೀರಿಯಾ ಮಗುವಿನ ಬಾಯಿಗೆ ಬರುವುದು ಹೆಚ್ಚಾಗಿ ಮನೆಯವರ ಬಾಯಿಂದಲೇ.

ಯಾವಾಗ ತೋರಿಸಬೇಕು

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ, ಮೇಲ್ತುಟಿ ಎತ್ತಿ ನೋಡಿ. ಹಲ್ಲಿನ ಬುಡದಲ್ಲಿ ಒಸಡಿಗೆ ಹೊಂದಿಕೊಂಡು ಸುಣ್ಣದ ಗೆರೆಯಂತೆ ಬಿಳಿ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಈ ಹಂತದಲ್ಲಿ ಹೋದರೆ ಡ್ರಿಲ್ಲಿಂಗ್ ಇಲ್ಲದೆ, ಫ್ಲೋರೈಡ್ ವಾರ್ನಿಶ್ ಹಚ್ಚಿ ನಿಲ್ಲಿಸುವ ಸಾಧ್ಯತೆ ಇರುತ್ತದೆ. ಕಂದು ಬಣ್ಣ ಬಂದ ಮೇಲೆ ಹೋದರೆ ನಮ್ಮ ದೊಡ್ಡವನ ಹಾಗೆ. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದರೆ, ಬಿದ್ದು ಹಲ್ಲು ಅಲುಗಾಡಿದರೆ ಅದೇ ದಿನ ತೋರಿಸಿ.

ಏನೂ ತೊಂದರೆ ಇಲ್ಲದಿದ್ದರೂ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸುವುದು ಒಳ್ಳೆಯದು. ಮಕ್ಕಳ ದಂತವೈದ್ಯರು ಎಲ್ಲ ಊರಲ್ಲೂ ಇಲ್ಲ. ದಂತ ಕಾಲೇಜುಗಳಲ್ಲಿ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ, ಮಕ್ಕಳ ಹಲ್ಲಿಗೆಂದೇ ವಿಭಾಗ ಇರುತ್ತದೆ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಬಂದು ತಪಾಸಣೆ ಮಾಡಬೇಕು, ಹಲ್ಲೂ ಆ ಪಟ್ಟಿಯಲ್ಲಿದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ಹಲ್ಲು ನೋಡಿದರಾ ಎಂದು ಕೇಳಿ.

ತಡವಾಗಿ ಶುರು ಮಾಡುತ್ತಿರುವವರಿಗೂ ಇದೇ ಸಾಲು ನಡೆಯುತ್ತದೆ, ಎರಡು ವಾರದ ಬದಲು ಒಂದು ತಿಂಗಳು ಹಿಡಿಯಬಹುದು. ದೊಡ್ಡವನಿಗೆ ಈಗ ಆರು ವರ್ಷ. ಅವನು ತಾನೇ ಉಜ್ಜುತ್ತಾನೆ, ಆಮೇಲೆ ನಾನೊಮ್ಮೆ ಉಜ್ಜುತ್ತೇನೆ. ಏಳೆಂಟು ವರ್ಷದವರೆಗೂ ಮಕ್ಕಳ ಕೈ ಇದಕ್ಕೆ ಪಳಗಿರುವುದಿಲ್ಲ. ಮೊನ್ನೆ ತಂಗಿಯದು ಮುಗಿದ ಮೇಲೆ ತಾನೂ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟ. ಕಾಲು ಹೊಸಿಲು ದಾಟಿ ಹೊರಗೆ ಹೋಗಿತ್ತು. ‘ಅಮ್ಮಾ, ಹಿಂದೆ ಏನೋ ಚುಚ್ತಿದೆ’ ಎಂದ. ಟಾರ್ಚ್ ಹಿಡಿದು ನೋಡಿದೆ. ಕೆಳಗೆ, ಕಟ್ಟಕಡೆಯ ಹಾಲುಹಲ್ಲಿನ ಹಿಂದೆ, ಒಸಡು ಸೀಳಿಕೊಂಡು ಬೆಳ್ಳಗಿನ ಒಂದು ಮೂಲೆ ಕಾಣುತ್ತಿತ್ತು. ಯಾವ ಹಲ್ಲೂ ಬೀಳದೆ ಹೊಸ ಜಾಗದಲ್ಲಿ ಬರುವುದರಿಂದ ಎಷ್ಟೋ ತಂದೆತಾಯಿ ಇದನ್ನೂ ಹಾಲುಹಲ್ಲು ಎಂದುಕೊಳ್ಳುತ್ತಾರೆ. ಇದು ಶಾಶ್ವತ ದವಡೆ ಹಲ್ಲು. ಅವನ ಬ್ರಷ್ ಈಗ ಇನ್ನೊಂದು ಬೆರಳಿನಷ್ಟು ಹಿಂದಕ್ಕೆ ಹೋಗಬೇಕು.